ಕಂಬಿಗೆ ಜೋತುಬಿದ್ದ ಸಾಹುಕಾರ

ತಾಯಂದಿರೇ, ತಂದೆಯವರೇ, ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ಹತ್ತಿರ ಬಂದು ಕೇಳಿದರು. 'ಬುದ್ಧೀ, ದಿನಾ ಪೂಜಿ ಮಾಡ್ತೀನಿ, ದಿನಾ ಧ್ಯಾನಕ್ಕ ಕೂಡ್ತೀನಿ. ಕೂತ ಎದ್ದ ಕೂಡ್ಲೇ ನೋಡ್ಕೋತೀನಿ, ಮನಸ್ಸು ಎಷ್ಟ್ ಶಾಂತ ಆತು ಅಂತ. ಒಂದೀಟೂ ಆಗಿಲ್ರಿ' ಎಂದರು. ನಾಳೆ ಬನ್ನಿ ತಾಯಿ, ಒಂದು ಕಥೆಯಿದೆ ಎಂದೆ. ಬಂದಿದ್ದಾರೆ, ಮುಂದೆಯೇ ಕುಳಿತಿದ್ದಾರೆ. ಒಳ್ಳೆಯದಾಯಿತು. ಹಿಂದೆ ಕುಳಿತವರೂ ಸ್ವಲ್ಪ ಮುಂದೆ ಬನ್ನಿ. ಈ ಕಥೆಯನ್ನು ಕೂಗಿ ಹೇಳುವುದಕ್ಕಾಗುವುದಿಲ್ಲ.

ಬಾದಾಮಿಯ ಕೆಂಪು ಬೆಟ್ಟಗಳಿಗೆ ಅಷ್ಟೇನೂ ದೂರವಿಲ್ಲದ ಊರು. ಆ ಊರಿಗೆ ಒಬ್ಬ ಸಾಹುಕಾರ. ಸಂಗನಬಸಪ್ಪ ಎಂದು ಕರೆಯೋಣ. ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆ ಅವನದು. ಕೆಟ್ಟವನೇ? ಅಲ್ಲ. ಕುಡಿಯುವವನಲ್ಲ, ಮೋಸ ಮಾಡುವವನಲ್ಲ, ಮಠಕ್ಕೆ ಬಂದರೆ ಕೊನೆಯ ತನಕ ಕೂರುವವನು. ಆದರೆ ಒಂದು ಸ್ವಭಾವ ಇತ್ತು ನೋಡಿ. ಆದದ್ದು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಆಗದೆ ಉಳಿದದ್ದು ಮಾತ್ರ ಬೀಳುತ್ತಿತ್ತು. ಹೆಂಡತಿ ಬಿಸಿ ರೊಟ್ಟಿ ಬಡಿದು ತಟ್ಟೆಗೆ ಹಾಕಿದರೆ, 'ಚಟ್ನಿಪುಡಿ ಎಲ್ಲೈತಿ?' ಕಾರ್ಖಾನೆಯಲ್ಲಿ ಬೆವರು ಸುರಿಸಿ ಒಂದು ಲಾರಿ ತುಂಬಿಸಿದರೆ, 'ಇನ್ನೊಂದು ಯಾವಾಗ?' ಅವನ ಕಾರ್ಖಾನೆಯಲ್ಲಿ ದೊಡ್ಡ ಕ್ರೇನ್ ಇತ್ತು. ಎತ್ತು ಎಂದರೆ ಎತ್ತುತ್ತದೆ, ಇಳಿಸು ಎಂದರೆ ಇಳಿಸುತ್ತದೆ. ಮನುಷ್ಯರೂ ಹಾಗೆಯೇ ಎಂದು ಅವನು ತಿಳಿದಿದ್ದ. ನಾವು ಯಾರೂ ಹಾಗೆ ತಿಳಿದಿಲ್ಲ ಅಲ್ಲವೇ? ನಗಬೇಡಿ, ಕಥೆ ಇನ್ನೂ ಶುರುವಾಗಿಲ್ಲ.

ಈ ಸಾಹುಕಾರನಿಗೆ ಒಬ್ಬಳೇ ಮಗಳು, ದಾಕ್ಷಾಯಣಿ. ಕಾಲೇಜು ಓದುವ ಹುಡುಗಿ. ಅವಳಿಗೆ ಬಂಡೆ ಹತ್ತುವ ಹುಚ್ಚು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬರಿಗೈಯಲ್ಲಿ ಬಿರುಕು ಹಿಡಿದು, ನೇರವಾಗಿ ನಿಂತ ಕೆಂಪು ಬಂಡೆಯನ್ನು ಹತ್ತುತ್ತಾರಲ್ಲ, ಆ ಆಟ. ಬಾದಾಮಿಯಲ್ಲಿ ಅವಳಿಗೆ ಕಲಿಸುತ್ತಿದ್ದವರು ಫಿರ್ದೋಸ್ ಎಂಬ ಹೆಣ್ಣುಮಗಳು. ಬೇಸಿಗೆಗೆ ಮುಂಚೆ ರಾಜ್ಯ ತಂಡದ ಆಯ್ಕೆ ಇತ್ತು. ಫಿರ್ದೋಸ್ ಮೇಡಂ ಹುಡುಗಿಗೆ ಹೇಳಿದರು: 'ನಿನ್ನ ಕಾಲು ಚಲೋ ಅದಾವು, ಧೈರ್ಯ ಚಲೋ ಐತಿ. ಮೈ ಎತ್ತೂ ಬಲ ಕಡಿಮಿ ಐತಿ. ಚಿನ್‌ಅಪ್ ಶುರು ಮಾಡು.'

ಚಿನ್‌ಅಪ್ ಅಂದರೇನು? ಇಲ್ಲಿರುವ ಹುಡುಗರಿಗೆ ಗೊತ್ತು, ಹಿರಿಯರಿಗೆ ಹೇಳುತ್ತೇನೆ. ತಲೆಯ ಮೇಲಿನ ಕಂಬಿಯನ್ನು, ಅಂಗೈ ನಮ್ಮ ಮುಖದ ಕಡೆ ಇರುವಂತೆ ಹಿಡಿಯಬೇಕು. ಜೋತುಬೀಳಬೇಕು. ಜೋತುಬಿದ್ದಲ್ಲಿಂದ, ಗದ್ದ ಕಂಬಿಯನ್ನು ದಾಟುವ ತನಕ ನಮ್ಮ ಮೈಯನ್ನು ನಾವೇ ಮೇಲಕ್ಕೆತ್ತಬೇಕು. ಕೇಳುವುದಕ್ಕೆ ಸುಲಭ. ಮನೆಗೆ ಹೋಗಿ ಬಾಗಿಲ ಚೌಕಟ್ಟಿಗೆ ಜೋತುಬಿದ್ದು ನೋಡಬೇಡಿ, ಚೌಕಟ್ಟು ಕಿತ್ತು ಬಂದರೆ ನನ್ನ ಹೆಸರು ಹೇಳುತ್ತೀರಿ.

ದಾಕ್ಷಾಯಣಿಗೆ ಒಂದೇ ಉಸಿರಿಗೆ ಮೂರು ಆಗುತ್ತಿತ್ತು. ಅದಕ್ಕೆ ಮೇಡಂ ಕೊಟ್ಟ ಕ್ರಮ ಏನು ಗೊತ್ತೇ? ಮೂರು ಮಾಡು ಎನ್ನಲಿಲ್ಲ. ಎರಡೇ ಮಾಡಿ ನಿಲ್ಲಿಸು ಎಂದರು. ಉಸಿರು ಪೂರ್ತಿ ತಣ್ಣಗಾಗುವ ತನಕ ಕೂತುಕೋ. ಮತ್ತೆ ಎರಡು. ಮತ್ತೆ ಕೂತುಕೋ. ಹೀಗೆ ಐದು ಸಲ. ಒಂದು ಸಲದ ಆ ಗುಂಪಿಗೆ ಸೆಟ್ ಎನ್ನುತ್ತಾರೆ. ಮರುದಿನ ಕಂಬಿಯ ಹತ್ತಿರ ಸುಳಿಯಬೇಡ. ಅದರ ಮರುದಿನ ಮತ್ತೆ. ಎರಡೆರಡು ಹಗುರ ಅನ್ನಿಸಿದ ಮೇಲೆ ಒಂದೆರಡು ಸೆಟ್ಟಿನಲ್ಲಿ ಮಾತ್ರ ಮೂರು. 'ಇನ್ನೊಂದು ಆಗತೈತಿ ಅನ್ನೂವಾಗನ ಕೈ ಬಿಡಬೇಕು. ನಾ ಹೇಳೂತನಕ ಎಷ್ಟ್ ಆಗತಾವಂತ ನೋಡಾಕ ಹೋಗಬ್ಯಾಡ' ಎಂದರು.

ಮಗಳು ಇದನ್ನು ಮನೆಯಲ್ಲಿ ಹೇಳಿದಳು. ಸಾಹುಕಾರನಿಗೆ ಸಂತೋಷವೋ ಸಂತೋಷ. ಕಾರ್ಖಾನೆಯಿಂದ ಕಬ್ಬಿಣದ ಕಂಬ ತರಿಸಿ ಹಿತ್ತಲಲ್ಲಿ ನೆಡಿಸಿದ, ಮೇಲೆ ಪೈಪು ಬೆಸೆಯಿಸಿದ. ಪ್ರೀತಿ ಇರಲಿಲ್ಲ ಎನ್ನಬೇಡಿ. ಪ್ರೀತಿ ಇತ್ತು, ಬೆಟ್ಟದಷ್ಟು ಇತ್ತು. ಬೆಳಿಗ್ಗೆ ಚಹಾದ ಕಪ್ಪು ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದ.

'ಎಷ್ಟ್ ಆತವ್ವ?'

'ಎರಡೆರಡು, ಐದ ಸಲ ಅಪ್ಪಾ.'

'ಅದ್ಯಾವ ಲೆಕ್ಕ? ಒಮ್ಮೆಲೆ ಎಷ್ಟು?'

'ಮೂರು.'

'ನಿನ್ನೇನೂ ಮೂರ ಇತ್ತಲ್ಲ!'

ಅಷ್ಟೇ ಮಾತು. ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಆ ಹುಡುಗಿ ಮರುದಿನ ಎರಡಕ್ಕೆ ನಿಲ್ಲಿಸಲಿಲ್ಲ. ಬಿಡುವಿನ ದಿನ ಬಿಡುವು ಮಾಡಲಿಲ್ಲ. ದಿನಾ ಕಂಬಿ ಹಿಡಿದಳು, ದಿನಾ ಕೈ ಸೋಲುವ ತನಕ ಎಳೆದಳು. ಯಾಕೆ? ಅಪ್ಪ ಬಾಗಿಲಲ್ಲಿ ನಿಂತಿದ್ದಾನೆ. ಅಪ್ಪನಿಗೆ ಹೊಸ ಸಂಖ್ಯೆ ಬೇಕು.

ಒಂದು ಭಾನುವಾರ ಮನೆಗೆ ನೆಂಟರು ಬಂದರು. ಊಟ ಆಯಿತು. ಸಾಹುಕಾರ ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದ. 'ನಮ್ಮ ದಾಕ್ಷಿ ನಾಕು ಎಳೀತಾಳ ನೋಡ್ರಿ' ಎಂದ. ಅವಳು ಎಂದೂ ನಾಲ್ಕು ಎಳೆದಿರಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ. ಹಿಡಿದಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಒದ್ದಾಡಿದಳು, ಮೈ ಬಳುಕಿಸಿ ಕತ್ತು ಚಾಚಿ ಗದ್ದ ದಾಟಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಲ ಮೊಣಕೈಯಲ್ಲಿ ಏನೋ ಸುಟ್ಟಂತಾಯಿತು. ಯಾರಿಗೂ ಹೇಳಲಿಲ್ಲ. ನಕ್ಕು ಒಳಗೆ ಹೋದಳು.

ಅದಾದ ಮೇಲೆ ಬಂಡೆಯ ಮೇಲೆ ಆ ಕೈ ಅವಳನ್ನು ಅರ್ಧದಲ್ಲೇ ಬಿಟ್ಟಿತು. ಹಗ್ಗ ಇತ್ತು, ಪ್ರಾಣಕ್ಕೆ ಏನೂ ಆಗಲಿಲ್ಲ. ಆದರೆ ಮನೆಗೆ ಬಂದ ಮೇಲೆ ಜಡೆ ಹಾಕಿಕೊಳ್ಳುವುದಕ್ಕೂ ಕೈ ಮೇಲೆ ಹೋಗಲಿಲ್ಲ. ತಾಯಿ ಕಸ್ತೂರವ್ವ ಮಗಳ ಹಿಂದೆ ಕೂತು ಜಡೆ ಹಾಕುತ್ತಿದ್ದಾಗ ಹುಡುಗಿ ಅಳುತ್ತಿರುವುದು ತಿಳಿಯಿತು. ಡಾಕ್ಟರು ನೋಡಿದರು. ಮೊಣಕೈಯಲ್ಲಿ ಬಾವು ಬಂದಿದೆ, ಕೈಗೆ ವಿಶ್ರಾಂತಿಯೇ ಸಿಕ್ಕಿಲ್ಲ, ಕೆಲವು ವಾರ ಏನನ್ನೂ ಎಳೆಯಬಾರದು ಎಂದರು.

ಹುಡುಗಿ ಬಂಡೆ ಹತ್ತುವ ಬೂಟುಗಳನ್ನು ಅಟ್ಟದ ಮೇಲೆ ಎಸೆದಳು. 'ನನಗ ಇದು ಬ್ಯಾಡ. ಯಾರೂ ಕೇಳಬ್ಯಾಡ್ರಿ' ಎಂದು ಬಾಗಿಲು ಹಾಕಿಕೊಂಡಳು. ಅಪ್ಪನ ಕಡೆ ನೋಡುವುದನ್ನೇ ಬಿಟ್ಟಳು. ಒಂದೇ ಮನೆ, ಒಂದೇ ಅಡುಗೆ, ಒಂದೇ ಮಗಳು. ಆ ಮಗಳು ಎದುರಿಗೆ ಬಂದರೂ ಗೋಡೆ ನೋಡಿಕೊಂಡು ಹೋಗುತ್ತಾಳೆ. ಈ ಸಂಕಟ ಕಂಡವರಿಗೆ ಗೊತ್ತು. ಸಾಹುಕಾರನಿಗೆ ಊಟ ಸೇರಲಿಲ್ಲ.

ಆದರೂ ನೋಡಿ, ಮನುಷ್ಯ ಮೊದಲು ಏನು ಮಾಡುತ್ತಾನೆ? ತಪ್ಪು ಯಾರದು ಎಂದು ಹೊರಗೆ ಹುಡುಕುತ್ತಾನೆ. ಕಾರು ಹತ್ತಿ ನೇರ ಬಾದಾಮಿಗೆ ಹೋದ.

'ಏನ್ ಕಲಿಸೀರಿ ನನ್ನ ಮಗಳಿಗೆ? ಕೈ ಕಳಕೊಂಡು ಕುಂತಾಳ!' ಎಂದು ಫಿರ್ದೋಸ್ ಮೇಡಂ ಮೇಲೆ ರೇಗಿದ.

ಆಕೆ ಸಿಟ್ಟು ಮಾಡಲಿಲ್ಲ. 'ಸಾಹುಕಾರ್ರ, ನಾ ಎರಡಕ್ಕ ನಿಲ್ಲಸು ಅಂದಿದ್ದೆ. ದಿನಾ ಬ್ಯಾಡ ಅಂದಿದ್ದೆ. ದಿನಾ ಮಾಡಿಸಿದವರು ಯಾರ್ರಿ?'

'ನಾ ಎಷ್ಟ್ ಆತು ಅಂತ ಕೇಳೀನಿ, ಅಷ್ಟ. ಮುಂದ ಬರಲಿ ಅಂತ ಕೇಳೂದು ತಪ್ಪೇನ್ರಿ?'

'ತಪ್ಪಲ್ರಿ. ಆದ್ರ ದಿನಾ ಪರೀಕ್ಷೆ ಇಟ್ರ ಆ ಕೂಸು ಓದೂದು ಯಾವಾಗ್ರಿ?'

ಅವನಿಗೆ ತಟ್ಟಲಿಲ್ಲ. 'ಏನ್ ದೊಡ್ಡದೈತಿ ಅದರಾಗ? ತನ್ನ ಮೈ ತಾ ಎತ್ತೂದು!'

'ಹಂಗಾರ ಬರ್ರಿ. ಒಂದ ಎತ್ರಿ ನೋಡೂಣು.'

ಅಲ್ಲಿಯೇ ಕಂಬಿ ಇತ್ತು. ಸಾಹುಕಾರ ಚಪ್ಪಲಿ ಬಿಟ್ಟ, ತೋಳು ಮಡಚಿದ, ಹಿಡಿದ. ಜೋತುಬಿದ್ದ. ಎಳೆದ. ಏನಾಯಿತು? ಏನೂ ಆಗಲಿಲ್ಲ! ಮೊಣಕೈ ಬಗ್ಗಲೂ ಇಲ್ಲ. ಮುಖ ಕೆಂಪಾಯಿತು, ಕಾಲು ಗಾಳಿಯಲ್ಲಿ ಒದ್ದಾಡಿತು, ಮೈ ಮಾತ್ರ ಇದ್ದಲ್ಲೇ ಇತ್ತು. ಅಂಗೈ ಜಾರಿ ಕೆಳಗೆ ಬಿದ್ದು ಮಣ್ಣಿನ ಮೇಲೆ ಕುಳಿತ. ಮೇಡಂ ನಗಲಿಲ್ಲ. ನೀರು ತಂದುಕೊಟ್ಟರು. ನೀರು ಕುಡಿಯುವಾಗ ಅವನಿಗೆ ಹೊಳೆಯಿತು. ನನ್ನ ಕೈಲಿ ಒಂದೂ ಆಗಲಿಲ್ಲ. ನನ್ನ ಕೂಸು ಮೂರು ಎತ್ತುತ್ತಿತ್ತು. ಅದನ್ನು ನೋಡಿ ನಾನು ಏನಂದೆ? 'ನಿನ್ನೇನೂ ಮೂರ ಇತ್ತಲ್ಲ' ಅಂದೆ.

ಮನೆಗೆ ಬಂದ. ಮಗಳ ಬಾಗಿಲ ಮುಂದೆ ನಿಂತ. 'ದಾಕ್ಷೀ, ನನಗ ಕಲಿಸವ್ವ' ಎಂದ. ಬಾಗಿಲು ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ತಾನೇ ಹಿತ್ತಲಿಗೆ ಹೋಗಿ ಕಂಬಿಗೆ ಜೋತುಬಿದ್ದ. ಅದರ ಮರುದಿನವೂ. ಆ ಹುಡುಗಿ ಕಿಟಕಿಯಿಂದ ನೋಡಿದಳು. ಕೋಪ ಇದೆ, ನಿಜ. ಆದರೆ ಕಲಿತವರಿಗೆ ಒಂದು ಸಂಕಟ ಇರುತ್ತದೆ, ಯಾರಾದರೂ ತಪ್ಪಾಗಿ ಮಾಡುವುದನ್ನು ನೋಡುತ್ತ ಕೂರಲಾಗುವುದಿಲ್ಲ. ಹೊರಗೆ ಬಂದಳು.

'ಅಪ್ಪಾ, ಭುಜ ಕಿವಿಗೆ ಹತ್ತೇತಿ. ಕೆಳಗ ಇಳಸ್ರಿ. ಎಳೀಬ್ಯಾಡ್ರಿ, ಸುಮ್ನ ಜೋತಬೀಳ್ರಿ.'

ಎಷ್ಟೋ ದಿನಗಳ ಮೇಲೆ ಮಗಳು ಆಡಿದ ಮೊದಲ ಮಾತು ಅದು. ಸಾಹುಕಾರ ಸುಮ್ಮನೆ ಜೋತುಬಿದ್ದ. ಕಣ್ಣಲ್ಲಿ ನೀರು ಬಂತು. ಕೈ ನೋವಿಗೆ ಎಂದು ಅವಳು ತಿಳಿದಳು.

ಹೀಗೆ ಶುರುವಾಯಿತು. ಮೊದಲು ಬರೀ ಜೋತುಬೀಳುವುದು. ಕೈ ಜಾರುವ ಮುಂಚೆಯೇ ಇಳಿಯುವುದು. ಹಿಡಿತ ಗಟ್ಟಿಯಾದ ಮೇಲೆ ಸ್ಟೂಲಿನ ಮೇಲೆ ಹತ್ತಿ ಗದ್ದವನ್ನು ಕಂಬಿಯ ಮೇಲಿಟ್ಟು, ಅಲ್ಲಿಂದ ನಿಧಾನವಾಗಿ ಕೆಳಗೆ ಬರುವುದು. ನೋಡಿ, ಎಷ್ಟು ಚಂದದ ಕ್ರಮ! ಏರುವುದಕ್ಕೆ ಆಗದವನಿಗೆ ಮೊದಲು ನಿಧಾನವಾಗಿ ಇಳಿಯುವುದನ್ನು ಕಲಿಸುತ್ತಾರೆ. ಅದೂ ಎರಡೋ ಮೂರೋ ಸಲ, ನಡುವೆ ಕೂತು ದಣಿವಾರಿಸಿಕೊಂಡು. ಮೂರು ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸುವುದು, ನಾಲ್ಕನೆಯ ವಾರ ಬೇಕೆಂದೇ ಅರ್ಧಕ್ಕೆ ಇಳಿಸುವುದು. ಸಾಹುಕಾರನಿಗೆ ಎಲ್ಲಕ್ಕಿಂತ ಕಷ್ಟ ಆದದ್ದು ಯಾವುದು ಗೊತ್ತೇ? ಏನೂ ಮಾಡದ ದಿನ.

'ಇವತ್ತು ಏನೂ ಬ್ಯಾಡ ಅಂದ್ರ ಹೆಂಗವ್ವ? ಇನ್ನೂ ಬಲ ಐತಿ ನನಗ.'

'ಆ ಬಲ ಇರಲಿ ಅಪ್ಪಾ. ನಿನ್ನೆ ಮಾಡಿದ್ದು ಮೈಗೆ ಹತ್ತೂದು ಇವತ್ತ.'

ಮಾಡದ ದಿನ ಏನು ಮಾಡಬೇಕೋ ತಿಳಿಯದೆ ಮನೆಯಲ್ಲಿ ಸುತ್ತಾಡುತ್ತಿದ್ದ. ಆಗ ಅವನಿಗೆ ಮನೆ ಕಂಡಿತು. ಹೆಂಡತಿ ರೊಟ್ಟಿ ಬಡಿಯುವುದನ್ನು ಕೂತು ನೋಡಿದ. ಹಿಟ್ಟು ನಾದುವ ಆ ತೋಳು, ಬಡಿಯುವ ಆ ಅಂಗೈ, ಒಲೆಯ ಕಾವಿಗೆ ಕೆಂಪಾದ ಆ ಮುಖ. ತನ್ನ ಅಂಗೈಯಲ್ಲಿ ಹೊಸದಾಗಿ ಎದ್ದ ಗುಳ್ಳೆ ಮುಟ್ಟಿಕೊಂಡ. ಆಕೆಯ ಅಂಗೈ ಮದುವೆಯಾದಾಗಿನಿಂದ ಜಡ್ಡುಗಟ್ಟಿತ್ತು, ಅವನು ನೋಡಿರಲಿಲ್ಲ.

'ಕಸ್ತೂರಿ, ಎಷ್ಟ್ ಚಲೋ ಬಡೀತಿ ನೀ' ಎಂದ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಹಣೆ ಮುಟ್ಟಿ ನೋಡಿದಳು. 'ಯಾಕ್ರೀ, ಜ್ವರ ಬಂದಾವೇನು?' ನಗುತ್ತೀರಿ. ಆದರೆ ಆ ತಾಯಿ ಆಮೇಲೆ ಸೆರಗಿನಿಂದ ಕಣ್ಣೊರಸಿಕೊಂಡಳು. ಹೊಗೆಯಿಂದ ಅಲ್ಲ, ಅವರ ಮನೆಯಲ್ಲಿ ಗ್ಯಾಸ್ ಒಲೆ.

ಇತ್ತ ಮಗಳ ಮೊಣಕೈ ವಾಸಿಯಾಯಿತು. ಒಂದು ಬೆಳಿಗ್ಗೆ ಅಪ್ಪನಿಗೆ ತೋರಿಸಿಕೊಡುವ ನೆಪದಲ್ಲಿ ಕಂಬಿ ಹಿಡಿದಳು. ಒಂದು ಮಾಡಿದಳು. ನೋವಿಲ್ಲ. ಇಳಿದುಬಿಟ್ಟಳು. ಹಳೆಯ ರೂಢಿ, 'ಇನ್ನೊಂದು?' ಎಂಬ ಮಾತು ಸಾಹುಕಾರನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಹೇಳಿದ: 'ಚಲೋ ಆತವ್ವ. ಸಾಕಿವತ್ತ.' ಹುಡುಗಿ ಅಪ್ಪನನ್ನು ಒಂದು ಗಳಿಗೆ ನೋಡಿದಳು. ಆ ಮಧ್ಯಾಹ್ನ ಅಟ್ಟದ ಮೇಲಿನಿಂದ ಬೂಟು ತಾನೇ ಇಳಿಸಿಕೊಂಡಳು. ಅಂದಿನಿಂದ ಇಬ್ಬರೂ ಒಂದೇ ಕಂಬಿಗೆ ಸರದಿ ಮೇಲೆ. ಅವಳ ಸೆಟ್ ಮುಗಿಯುವ ತನಕ ಅವನ ವಿಶ್ರಾಂತಿ, ಅವನದು ಮುಗಿಯುವ ತನಕ ಅವಳ ವಿಶ್ರಾಂತಿ. ನಡುನಡುವೆ ಮಾತು. ಕಾಲೇಜಿನ ಮಾತು, ಬಂಡೆಯ ಮಾತು, ಅವನು ಸಣ್ಣವನಿದ್ದಾಗಿನ ಮಾತು. ಈ ಇಬ್ಬರು ಅಷ್ಟು ಮಾತನಾಡಿದ್ದು ಅದೇ ಮೊದಲು.

ಸಾಹುಕಾರ ಮೇಲೇರುವುದನ್ನು ಕಲಿಯುವಾಗ ಮಗಳು ಅವನ ಕಾಲು ಮಡಚಿಸಿ ಪಾದದ ಕೆಳಗೆ ತನ್ನ ಎಡ ಅಂಗೈ ಕೊಡುತ್ತಿದ್ದಳು. ಅವನಿಗೆ ಎಷ್ಟು ಕೊರತೆಯೋ ಅಷ್ಟನ್ನು ಮಾತ್ರ ಅವಳು ಎತ್ತುತ್ತಿದ್ದಳು. ವಾರದಿಂದ ವಾರಕ್ಕೆ ಆ ಕೈಯ ಬಲ ಕಡಿಮೆ ಮಾಡುತ್ತ ಬಂದಳು. ಮೊದಲು ಅಂಗೈ, ಆಮೇಲೆ ನಾಲ್ಕು ಬೆರಳು, ಆಮೇಲೆ ಎರಡು. ಒಂದು ದಿನ ಬೆರಳನ್ನೂ ತೆಗೆದಳು, ಹೇಳಲಿಲ್ಲ. ಸಾಹುಕಾರ ಎಳೆದ. ಮೊಣಕೈ ಬಗ್ಗಿತು. ಹಣೆ ಕಂಬಿಗೆ ಬಂತು, ಮೂಗು ಬಂತು, ತುಟಿ ಬಂತು, ಅಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ಗದ್ದ ದಾಟಿತು. ಪಕ್ಕದ ಮನೆಯ ಹಿತ್ತಲು ಕಂಡಿತು ಅವನಿಗೆ! ನಿಧಾನವಾಗಿ ಇಳಿದ. ಕಾಲು ನೆಲಕ್ಕೆ ಹತ್ತಿತು.

'ಅಪ್ಪಾ, ನಾ ಕೈ ಕೊಟ್ಟಿದ್ದಿಲ್ಲ!' ಎಂದು ಮಗಳು ಕುಣಿದಳು.

'ಗೊತ್ತಾತವ್ವ. ಪಾದಕ್ಕ ಗಾಳಿ ತಾಗಿತು. ಆದ್ರೂ ನಿನ್ನ ಕೈ ಐತಿ ಅನ್ಕೊಂಡ ಏರಿದೆ' ಎಂದ ಆತ. ಎಂದವನೇ ಮಗಳ ಆ ಎಡಗೈ ಹಿಡಿದು ಕಣ್ಣಿಗೆ ಒತ್ತಿಕೊಂಡ. 'ನಾ ನಿನಗ ಕಂಬ ನೆಟ್ಟು ಕೊಟ್ಟೆ. ಕೈ ಕೊಡಲಿಲ್ಲ ನೋಡವ್ವ' ಎಂದ. ಕಸ್ತೂರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅಂದು ಆ ಮನೆಯಲ್ಲಿ ಹೋಳಿಗೆ ಆಯಿತು. ಒಂದೇ ಒಂದು ಚಿನ್‌ಅಪ್ಪಿಗೆ ಹೋಳಿಗೆ!

ಆಯ್ಕೆಯ ದಿನ ಬಂತು. ಗಂಡ ಹೆಂಡತಿ ಇಬ್ಬರೂ ಹೋದರು. ದಾಕ್ಷಾಯಣಿ ಹತ್ತಿದಳು. ಅಷ್ಟು ಎತ್ತರ ಅವಳು ಹಿಂದೆ ಹತ್ತಿರಲಿಲ್ಲ. ಆದರೂ ತಂಡಕ್ಕೆ ಆಯ್ಕೆಯಾಗಲಿಲ್ಲ. ಅವಳಿಗಿಂತ ಚೆನ್ನಾಗಿ ಹತ್ತಿದ ಹುಡುಗಿಯರು ಇದ್ದರು. ಕಥೆಯಲ್ಲಾದರೂ ಗೆಲ್ಲಿಸಬಾರದೇ ಬುದ್ಧೀ ಎನ್ನುತ್ತೀರಿ. ಬೇಡ. ಆಗಿದ್ದು ಆದ ಹಾಗೇ ಇರಲಿ. ಹುಡುಗಿ ಕೆಳಗೆ ಇಳಿದು ಬಂದಳು, ಮುಖ ಸ್ವಲ್ಪ ಬಾಡಿತ್ತು. ಸಾಹುಕಾರ ಮೊದಲು ಫಿರ್ದೋಸ್ ಮೇಡಂ ಹತ್ತಿರ ಹೋಗಿ ಕೈ ಮುಗಿದ. 'ನನ್ನ ಮಗಳು ಗಟ್ಟಿ ಕೈ ತಗೊಂಡು ಮನಿಗೆ ಬರಾಕತ್ತಾಳ. ನಿಮ್ಮ ಉಪಕಾರ ಮರೆಯೂದಿಲ್ಲ' ಎಂದ. ಆಮೇಲೆ ಮಗಳ ಹತ್ತಿರ ಬಂದು ಬ್ಯಾಗು ತಾನು ಹೊತ್ತುಕೊಂಡ. 'ಹಸಿವಾಗಿರಬೇಕು, ನಡಿಯವ್ವ. ಮುಂದಿನ ವರ್ಷ ಬರೂಣಂತ' ಎಂದ. ಮೂವರೂ ನೆರಳಲ್ಲಿ ಕೂತು ಬುತ್ತಿ ಬಿಚ್ಚಿ ಉಂಡರು. ಆ ಹುಡುಗಿ ಅಪ್ಪನ ಭುಜಕ್ಕೆ ಒರಗಿಕೊಂಡು ಉಂಡಳು. ಯಾವ ಪದಕ ತಂದಿದ್ದರೆ ಅವನಿಗೆ ಇದು ಸಿಗುತ್ತಿತ್ತು, ಹೇಳಿ?

ಈಗ ನಿಮ್ಮ ಕಡೆ ತಿರುಗುತ್ತೇನೆ. ತಪ್ಪಿಸಿಕೊಳ್ಳುವುದಕ್ಕೆ ದಾರಿಯಿಲ್ಲ, ಬಾಗಿಲ ಹತ್ತಿರ ಚಪ್ಪಲಿ ಬಹಳ ಇವೆ, ನಿಮ್ಮದು ಬೇಗ ಸಿಗುವುದಿಲ್ಲ.

ತಾಯೀ, ನಿನ್ನೆ ಕೇಳಿದಿರಲ್ಲ. ನೀವು ಧ್ಯಾನಕ್ಕೆ ಕೂರುತ್ತಿಲ್ಲ, ದಿನಾ ಪರೀಕ್ಷೆಗೆ ಕೂರುತ್ತಿದ್ದೀರಿ. ಎಷ್ಟು ಶಾಂತ ಆಯಿತು ಎಂದು ಎದ್ದ ಕೂಡಲೇ ಅಳೆಯುತ್ತೀರಿ. ಅಳೆಯಬೇಡಿ. ಸ್ವಲ್ಪ ಕೂರಿ. ಬೇಸರ ಬರುವ ಮುಂಚೆ, ಇನ್ನೂ ಕೂರಬೇಕು ಅನ್ನಿಸುವಾಗಲೇ ಏಳಿ. ನಾಳೆ ಮತ್ತೆ ಕೂರುವ ಆಸೆ ಉಳಿಯುತ್ತದೆ. ಆ ಆಸೆಯೇ ನಿಮ್ಮ ಬಂಡವಾಳ. ಒಂದೇ ದಿನ ಲಕ್ಷ ಜಪ ಮಾಡಿ ತಿಂಗಳುಗಟ್ಟಲೆ ಬಿಟ್ಟವರನ್ನು ಕಂಡಿದ್ದೇನೆ. ದಿನಕ್ಕೆ ಅಳತೆಯಾಗಿ ಮಾಡಿ ಮುಖದಲ್ಲಿ ಬೆಳಕು ತಂದುಕೊಂಡವರನ್ನೂ ಕಂಡಿದ್ದೇನೆ.

ಅಪ್ಪಂದಿರೇ, ಅಮ್ಮಂದಿರೇ, ಮಗು ಶಾಲೆಯಿಂದ ಬಂದ ಕೂಡಲೇ ಎಷ್ಟು ಮಾರ್ಕ್ಸು ಎಂದು ಕೇಳುತ್ತೀರಲ್ಲ, ನಾಳೆಯಿಂದ ಕೇಳಬೇಡಿ. ಪರೀಕ್ಷೆ ಇಡುವವರು ಶಾಲೆಯಲ್ಲಿ ಇದ್ದಾರೆ. ಮನೆಯಲ್ಲಿ ಕೈ ಕೊಡುವವರು ಬೇಕು. ಮಗು ಎಲ್ಲಿ ತಡವರಿಸುತ್ತದೆ ನೋಡಿ, ಅಲ್ಲಿ ಕೊರತೆ ಇದ್ದಷ್ಟೇ ಎತ್ತಿ. ಪೂರ್ತಿ ಎತ್ತಬೇಡಿ, ಅದಕ್ಕೆ ಬಲ ಬರುವುದಿಲ್ಲ. ಏನೂ ಎತ್ತದೆ ಬಾಗಿಲಲ್ಲಿ ನಿಂತು ಎಣಿಸಲೂ ಬೇಡಿ, ಅದರ ಕೈ ಮುರಿಯುತ್ತದೆ. ಮತ್ತೆ, ಆ ಮಗುವಿಗೆ ವಾರದಲ್ಲಿ ಒಂದು ದಿನ ಬಿಡುವು ಕೊಡಿ. ಆಡಲಿ, ಮಲಗಲಿ. ಓದಿದ್ದು ಮೈಗೆ ಹತ್ತಲಿ.

ಇನ್ನೊಂದು ಮಾತು, ಇದು ನನಗೂ ಸೇರಿ. ನಾವು ಯಾರು ಸ್ವಂತ ಬಲದಿಂದ ಏರಿದವರು? ಎದ್ದು ನಿಲ್ಲಿ ನೋಡೋಣ. ನಡೆಯಲು ಕಲಿಯುವಾಗ ಯಾರದೋ ಬೆರಳು ಹಿಡಿದಿದ್ದೆವು. ಅಕ್ಷರ ತಿದ್ದುವಾಗ ಯಾರೋ ನಮ್ಮ ಕೈ ಮೇಲೆ ಕೈ ಇಟ್ಟಿದ್ದರು. ಆ ಕೈಗಳು ಸದ್ದಿಲ್ಲದೆ ಹಿಂದೆ ಸರಿದವು, ನಾವು ನಾವೇ ಏರಿದೆವು ಎಂದುಕೊಂಡೆವು. ಭಗವಂತನೂ ಹಾಗೆಯೇ ಕೈ ಕೊಡುತ್ತಾನೆ, ಹಾಗೆಯೇ ತೆಗೆಯುತ್ತಾನೆ. ತೆಗೆದಾಗ ಕೈಬಿಟ್ಟ ಎಂದು ಅಳುತ್ತೇವೆ. ಕೈಬಿಟ್ಟಿಲ್ಲಪ್ಪಾ, ನಿನಗೆ ಬಲ ಬಂದಿದೆ ಎಂದು ತೆಗೆದಿದ್ದಾನೆ.

ಮಾತು ಸಾಕು. ಒಳಗೆ ಪ್ರಸಾದ ಸಿದ್ಧವಾಗಿದೆ, ಸಾರಿನ ವಾಸನೆ ಇಲ್ಲಿಯ ತನಕ ಬರುತ್ತಿದೆ. ನಾವು ಇಲ್ಲಿ ಫ್ಯಾನಿನ ಕೆಳಗೆ ಕೂತು ಕಥೆ ಕೇಳುವಾಗ ನಿಮ್ಮದೇ ಓಣಿಯ ಕೆಲವು ತಾಯಂದಿರು ಒಲೆಯ ಮುಂದೆ ನಿಂತಿದ್ದರು. ಅವರು ಈ ಕಥೆ ಕೇಳಲಿಲ್ಲ. ಪಂಕ್ತಿಗೆ ಓಡುವ ಮುಂಚೆ ಎಲ್ಲರೂ ಅಡುಗೆಮನೆಯ ಬಾಗಿಲಿಗೆ ಹೋಗಿ. ಅವರ ಮುಖ ನೋಡಿ, ಹೆಸರು ಹಿಡಿದು ಕರೆಯಿರಿ, ಚೆನ್ನಾಗಿ ಮಾಡಿದ್ದೀರಿ ತಾಯೀ ಎಂದು ಹೇಳಿ. ಆಮೇಲೆ ಕೂತು ಉಣ್ಣಿ. ಏಳಿ, ನಾನೂ ಬರುತ್ತೇನೆ.